ಎಂಟೋ, ಒಂಬತ್ತೋ: ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವೇಳಾಪಟ್ಟಿ ಜಗಳ

2025ರ ಆಗಸ್ಟ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ, ಪತ್ರಕರ್ತರು ಮತ ಹಾಕಿ ಮಾಡುವ ಎಪಿ ರ‍್ಯಾಂಕಿಂಗ್‌ನಲ್ಲಿ ಒಂದನೇ ಸ್ಥಾನದಲ್ಲಿತ್ತು. ಋತು ಆರಂಭಕ್ಕೆ ಮೊದಲೇ ಆ ಸ್ಥಾನ ಅದಕ್ಕೆ ಸಿಕ್ಕಿದ್ದು ಅದೇ ಮೊದಲು. ಬುಕ್ಕಿಗಳ ಪಟ್ಟಿಯಲ್ಲೂ ಮುಂಚೂಣಿಯಲ್ಲೇ ಇತ್ತು. ಆಗಸ್ಟ್ 30ರ ಮೊದಲ ಪಂದ್ಯದಲ್ಲೇ ಒಹಾಯೊ ಸ್ಟೇಟ್ ಅಂಗಳದಲ್ಲಿ 14–7ರಿಂದ ಸೋತಿತು. ಆಮೇಲೆ ಫ್ಲೋರಿಡಾಗೂ ಜಾರ್ಜಿಯಾಗೂ ಸೋತು, 9 ಗೆಲುವು 3 ಸೋಲಿಗೆ ನಿಂತು, 12 ತಂಡಗಳ ಪ್ಲೇಆಫ್‌ನಿಂದ ಹೊರಗುಳಿಯಿತು. ಅದರ ಕೈಯಲ್ಲಿ 23–6ರಿಂದ ಸೋತಿದ್ದ ಒಕ್ಲಹೋಮ, 27–17ರಿಂದ ಸೋತಿದ್ದ ಟೆಕ್ಸಸ್ ಎ ಅಂಡ್ ಎಂ ಎರಡೂ ಒಳಗಿದ್ದವು.

ಒಹಾಯೊ ಸ್ಟೇಟ್‌ನಂಥ ಬಲಿಷ್ಠ ಎದುರಾಳಿಯನ್ನು ತಾನಾಗಿ ಮೈಮೇಲೆ ಎಳೆದುಕೊಂಡಿದ್ದಕ್ಕೆ ಇದು ಶಿಕ್ಷೆಯೇ? ಈ ಪ್ರಶ್ನೆಗೆ ಮೂವತ್ತು ವರ್ಷಗಳ ಹಿನ್ನೆಲೆಯಿದೆ.

ಇಲ್ಲಿ ಅಗ್ರ ವಿಭಾಗದಲ್ಲೇ 130ಕ್ಕೂ ಹೆಚ್ಚು ತಂಡಗಳಿವೆ. ನಿಯಮಿತ ಋತುವಿನಲ್ಲಿ ಪ್ರತಿ ತಂಡಕ್ಕೆ ಸಿಗುವುದು 12 ಪಂದ್ಯ. ಅದರಲ್ಲಿ ಎಷ್ಟು ತನ್ನ ಕಾನ್ಫರೆನ್ಸ್‌ನ (ತಂಡಗಳ ಒಕ್ಕೂಟ) ಒಳಗೆ, ಎಷ್ಟು ಹೊರಗೆ ಎನ್ನುವುದೇ ತಕರಾರು. ದಕ್ಷಿಣದ ಕಾನ್ಫರೆನ್ಸ್ ಎಸ್‌ಇಸಿ 1992ರಲ್ಲಿ 12 ತಂಡಗಳಾಗಿ ಬೆಳೆದು, ಎರಡು ವಿಭಾಗವಾಗಿ, ಎಂಟು ಒಳಪಂದ್ಯಗಳಿಗೆ ಗಂಟು ಹಾಕಿಕೊಂಡಿತು. ಬಿಗ್ 12 ಮತ್ತು ಬಿಗ್ ಟೆನ್ ಎಂಬ ಬೇರೆ ಕಾನ್ಫರೆನ್ಸ್‌ಗಳು ಒಂಬತ್ತಕ್ಕೆ ಹೋದ ಮೇಲೂ ಅದು ಕದಲಲಿಲ್ಲ. 2012ರಲ್ಲಿ ಇನ್ನೆರಡು ತಂಡ ಸೇರಿ 14 ಆದಾಗ ಲೆಕ್ಕ ಹಳಿ ತಪ್ಪಿತು. ಅದೇ ವರ್ಷ ಸೇರಿದ ಎ ಅಂಡ್ ಎಂ, ಇನ್ನೊಂದು ವಿಭಾಗದ ಜಾರ್ಜಿಯಾ ಎದುರು ಮೊದಲ ಕಾನ್ಫರೆನ್ಸ್ ಪಂದ್ಯ ಆಡಿದ್ದು 2019ರಲ್ಲಿ. ಒಂದೇ ಕಾನ್ಫರೆನ್ಸ್‌ನಲ್ಲಿದ್ದೂ ಏಳು ವರ್ಷ ಮುಖಾಮುಖಿಯಿಲ್ಲ!

ಹಳೆಯ ಜಿದ್ದಿನ ಪಂದ್ಯಗಳು ಸತ್ತದ್ದೂ ಹೀಗೇ. 1996ರಲ್ಲಿ ಬಿಗ್ 12 ಹುಟ್ಟಿ ಉತ್ತರ–ದಕ್ಷಿಣವೆಂದು ಸೀಳಿಕೊಂಡಾಗ ನೆಬ್ರಾಸ್ಕ–ಒಕ್ಲಹೋಮ ವಾರ್ಷಿಕ ಪಂದ್ಯ ಎರಡೇ ವರ್ಷದಲ್ಲಿ ನಿಂತುಹೋಯಿತು. 1894ರಲ್ಲಿ ಶುರುವಾಗಿದ್ದ ಟೆಕ್ಸಸ್–ಎ ಅಂಡ್ ಎಂ ಸೆಣಸು 2011ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ಕೊನೆಯ ಕಿಕ್‌ನಲ್ಲಿ 27–25ಕ್ಕೆ ಮುಗಿದು, ಮತ್ತೆ ನಡೆದದ್ದು 2024ರಲ್ಲಿ, ಟೆಕ್ಸಸ್ ಕೂಡ ಎಸ್‌ಇಸಿಗೆ ಬಂದ ಮೇಲೆ.

ಟೆಕ್ಸಸ್, ಒಕ್ಲಹೋಮ ಬಂದು 16 ತಂಡಗಳಾದವು, ವಿಭಾಗಗಳು ಹೋದವು. ಈಗ ಕಾಗದ, ಪೆನ್ನು ಹಿಡಿದು ಕೂತರೆ ವಿಷಯ ತಿಳಿಯುತ್ತದೆ. ಎಂಟು ಪಂದ್ಯವಾದರೆ ಒಬ್ಬ ಖಾಯಂ ಎದುರಾಳಿ, ಉಳಿದ 14ರಲ್ಲಿ ವರ್ಷಕ್ಕೆ 7. ಒಂಬತ್ತಾದರೆ ಮೂವರು ಖಾಯಂ, ಉಳಿದ 12ರಲ್ಲಿ ವರ್ಷಕ್ಕೆ 6. ಎರಡರಲ್ಲೂ ಎರಡು ವರ್ಷಕ್ಕೊಮ್ಮೆ ಎಲ್ಲರೂ ಎದುರಾಗುತ್ತಾರೆ. ವ್ಯತ್ಯಾಸವಿರುವುದು ಪ್ರತಿವರ್ಷ ಉಳಿಯುವ ಜೋಡಿಗಳಲ್ಲಿ: ಮೊದಲನೆಯದರಲ್ಲಿ ಬರೀ 8, ಎರಡನೆಯದರಲ್ಲಿ 24. ಎಂಟರ ಪಟ್ಟಿಯಲ್ಲಿ ಅಲಬಾಮಾ ಆಬರ್ನ್ ಅನ್ನು ಉಳಿಸಿಕೊಂಡರೆ ಟೆನೆಸೀಯನ್ನು ಬಿಡಬೇಕು. ಆಬರ್ನ್–ಜಾರ್ಜಿಯಾ ನಡುವಿನ 1892ರ ಹಳೆ ಪೈಪೋಟಿಯೂ ಹೋಗುತ್ತದೆ.

ಹಾಗಿದ್ದೂ ಎಂಟಕ್ಕೆ ಅಂಟಿಕೊಂಡದ್ದೇಕೆ? ಒಂದು ಒಳಪಂದ್ಯ ಹೆಚ್ಚಿದರೆ 16 ತಂಡಗಳ ನಡುವೆ ಎಂಟು ಸೋಲು ಖಾತ್ರಿಯಾಗಿ ಹೆಚ್ಚುತ್ತವೆ. ಹಣ ಕೊಟ್ಟು ಕರೆಸುವ ಸಣ್ಣ ಕಾಲೇಜಿನ ಎದುರು ಸಿಗುತ್ತಿದ್ದ ಗೆಲುವು ಕೈತಪ್ಪುತ್ತದೆ. ನಿಯಮಿತ ಋತು ಮುಗಿದ ಮೇಲಿನ ಬೌಲ್ ಪಂದ್ಯಕ್ಕೆ 6 ಗೆಲುವು ಬೇಕು. ಕೆಳಗಿನ ತಂಡಗಳಿಗೆ ಆ ಒಂದು ಗೆಲುವೇ ಜೀವ. ಜೊತೆಗೆ ಒಂಬತ್ತು ಬೆಸ ಸಂಖ್ಯೆ: ಒಂದು ವರ್ಷ ಐದು ತವರು ಪಂದ್ಯ, ಮರುವರ್ಷ ನಾಲ್ಕು. ಡಲ್ಲಾಸ್‌ನ ಕಾಟನ್ ಬೌಲ್ ಕ್ರೀಡಾಂಗಣದಲ್ಲಿ ಆಡುವ ಟೆಕ್ಸಸ್–ಒಕ್ಲಹೋಮದಂಥ ತಟಸ್ಥ ಅಂಗಳದ ಪಂದ್ಯವಿದ್ದವರಿಗೆ ಇನ್ನೂ ಕಷ್ಟ. (ಎಸಿಸಿ ಎಂಬ ಇನ್ನೊಂದು ಕಾನ್ಫರೆನ್ಸ್‌ನಲ್ಲಿ 17 ತಂಡ. ಒಂದು ಪಂದ್ಯಕ್ಕೆ ಎರಡು ತಂಡ ಬೇಕು. 17×9 ಅಂದರೆ 153, ಅದನ್ನು ಎರಡರಿಂದ ಭಾಗಿಸಲಾಗದು. ಹಾಗಾಗಿ ಎಲ್ಲರಿಗೂ ಒಂಬತ್ತು ಕೊಡಲು ಅಲ್ಲಿ ಗಣಿತವೇ ಒಪ್ಪುವುದಿಲ್ಲ.)

ಋತುಪೂರ್ವ ಬಾಜಿ ದರಗಳು ಎಡವುವುದೂ ಈ ವೇಳಾಪಟ್ಟಿಯ ಲೆಕ್ಕದಲ್ಲೇ. +600 ಎಂದರೆ 100 ಡಾಲರ್ ಕಟ್ಟಿದರೆ 600 ಲಾಭ; ಅದು ಸೂಚಿಸುವ ಸಾಧ್ಯತೆ 700ಕ್ಕೆ 100, ಅಂದರೆ ಶೇ 14.3. ಎಲ್ಲ ತಂಡಗಳ ಶೇಕಡಾವಾರು ಕೂಡಿಸಿದರೆ 100 ದಾಟುತ್ತದೆ. ಆ ಹೆಚ್ಚುವರಿಯೇ ಬುಕ್ಕಿಯ ಪಾಲು. ಒಂದೇ ಪಂದ್ಯದ −110 ದರದಲ್ಲಿ (110 ಕಟ್ಟಿದರೆ 100 ಲಾಭ) ಎರಡೂ ಕಡೆ ಸೇರಿ ಶೇ 104.8 ಆದರೆ, ಚಾಂಪಿಯನ್ ಯಾರೆಂಬ ಬಾಜಿಯಲ್ಲಿ ಅದು ಇನ್ನೂ ಏರುತ್ತದೆ. ಅಭಿಮಾನಿಗಳ ದುಡ್ಡು ಹರಿಯುವ ದೊಡ್ಡ ಹೆಸರಿನ ತಂಡಕ್ಕೆ ದರವೂ ಬಿಗಿ. ವೇಳಾಪಟ್ಟಿಯ ಕಷ್ಟವನ್ನು ಬಹುಪಾಲು ಅಳೆಯುವುದು ಎದುರಾಳಿಗಳ ಕಳೆದ ವರ್ಷದ ದಾಖಲೆಯಿಂದ. ಆಟಗಾರರು ಪ್ರತಿವರ್ಷ ಕಾಲೇಜು ಬದಲಿಸುವ ಈ ಕಾಲದಲ್ಲಿ ಆ ಅಳತೆ ಅರ್ಧ ಕುರುಡು. ಕೈಹಾಕುವುದಾದರೆ ಚಾಂಪಿಯನ್ ದರಕ್ಕಿಂತ ‘9.5 ಗೆಲುವು, ಮೇಲೋ ಕೆಳಗೋ’ ಎಂಬ ಬಾಜಿಯನ್ನೇ ಪಂದ್ಯಪಟ್ಟಿ ಪಕ್ಕದಲ್ಲಿಟ್ಟು ನೋಡುವುದು ಲೇಸು.

ಪ್ಲೇಆಫ್ ಆಯ್ಕೆ ಸಮಿತಿ ಕಠಿಣ ಎದುರಾಳಿಗಳಿಗೆ ಹೆಚ್ಚು ತೂಕ ಕೊಡುವುದಾಗಿ ಹೇಳಿದ ಬೆನ್ನಲ್ಲೇ, 2025ರ ಆಗಸ್ಟ್ 21ರಂದು ಎಸ್‌ಇಸಿ ಒಂಬತ್ತಕ್ಕೆ ಒಪ್ಪಿತು, ಜಾರಿ 2026ರಿಂದ. ಅಲಬಾಮಾಗೆ ಆಬರ್ನ್, ಟೆನೆಸೀ ಎರಡೂ ಉಳಿದವು, ಆದರೆ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಜೊತೆಗಿನ ವಾರ್ಷಿಕ ಪಂದ್ಯ ಹೋಯಿತು. ಟೆಕ್ಸಸ್‌ಗೆ ಒಕ್ಲಹೋಮ, ಎ ಅಂಡ್ ಎಂ, ಅರ್ಕನ್ಸಾ ಖಾಯಂ. ಅದರ ಮೇಲೆ, ಹಿಂದೆಯೇ ಮಾಡಿಕೊಂಡ ಒಪ್ಪಂದದಂತೆ, 2026ರ ಸೆಪ್ಟೆಂಬರ್‌ಗೆ ಒಹಾಯೊ ಸ್ಟೇಟ್ ಎದುರು ತವರೂರು ಆಸ್ಟಿನ್‌ನಲ್ಲಿ ಆಡುವ ಪಂದ್ಯವೂ ಪಟ್ಟಿಯಲ್ಲಿದೆ.