ಮನುಷ್ಯರಿಗೆ "ದಟ್" ಬಳಸಿದರೆ ತಪ್ಪಾ?

ಪ್ರಶ್ನೆ: "ದಿಸ್ ಈಸ್ ದ ಬಾಯ್ ದಟ್ ವನ್ ದ ಪ್ರೈಜ್" ಅಂತ ಮಗಳು ಬರೆದಿದ್ದಳು. ಟೀಚರ್ "ದಟ್" ಹೊಡೆದುಹಾಕಿ "ಹೂ" ಅಂತ ತಿದ್ದಿದ್ದಾರೆ. ಮನುಷ್ಯರಿಗೆ "ದಟ್" ಬಳಸಬಾರದಾ?

ಬಳಸಬಹುದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬರುತ್ತಲೇ ಇದೆ. ಈ ಸಲ ಬೇರುಸಮೇತ ಕಿತ್ತುಬಿಡೋಣ.

ಮನುಷ್ಯರಿಗೆ "ಹೂ", ಪ್ರಾಣಿಗಳಿಗೆ, ವಸ್ತುಗಳಿಗೆ "ವಿಚ್" ಅಂತ ಬಾಯಿಪಾಠ ಮಾಡಿಸುತ್ತಾರಲ್ಲ, ಅಲ್ಲಿಯವರೆಗೆ ಸರಿ. "ದಟ್ ಕೂಡ ವಸ್ತುಗಳಿಗೆ ಮಾತ್ರ" ಅಂತ ಅದಕ್ಕೊಂದು ಬಾಲ ಅಂಟಿಸುತ್ತಾರೆ ನೋಡಿ, ಅದು ತಪ್ಪು. "ದಟ್" ಎರಡಕ್ಕೂ ನಡೆಯುತ್ತದೆ. ಅಷ್ಟೇ ಅಲ್ಲ, ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ "ಹೂ"ಗಿಂತ "ದಟ್" ಹಳೆಯದು. 1611ರ ಇಂಗ್ಲಿಷ್ ಬೈಬಲ್ ತೆಗೆದು ನೋಡಿ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಅನ್ನುವ ಯೇಸುವಿನ ಮಾತು ಅಲ್ಲಿ "ಹಿ ದಟ್ ಈಸ್ ವಿದೌಟ್ ಸಿನ್" ಅಂತ ಶುರುವಾಗುತ್ತದೆ. ಅದೇ ಬೈಬಲಿನ ಪ್ರಾರ್ಥನೆಯಲ್ಲಿ ದೇವರಿಗೇ "ವಿಚ್" ಇದೆ: "ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್". "ವಿಚ್" ಮನುಷ್ಯರಿಂದ ದೂರ ಸರಿದದ್ದು ಆಮೇಲೆ. "ದಟ್" ಮಾತ್ರ ಎಲ್ಲೂ ಹೋಗಲಿಲ್ಲ.

ಇನ್ನೂ ಅನುಮಾನವಾ? ಡ್ರೈವರ್ ಮತ್ತು ಬಸ್ಸು ಎರಡೂ ನದಿಗೆ ಬಿದ್ದವು ಅಂದುಕೊಳ್ಳಿ. "ದ ಡ್ರೈವರ್ ಅಂಡ್ ದ ಬಸ್" ಅಂತ ಬರೆದಾಯಿತು. ಮುಂದೆ "ಹೂ" ಹಾಕಿದರೆ ಬಸ್ಸು ಮನುಷ್ಯನಾಗುತ್ತದೆ. "ವಿಚ್" ಹಾಕಿದರೆ ಡ್ರೈವರ್ ಸಾಮಾನಾಗುತ್ತಾನೆ. "ದಟ್ ಫೆಲ್ ಇನ್‌ಟು ದ ರಿವರ್" ಅಂದರೆ ಮಾತ್ರ ಇಬ್ಬರಿಗೂ ಹೊಂದುತ್ತದೆ.

ಎಚ್ಚರ ಬೇಕಾಗಿರುವುದು ಕಾಮಾ ಇರುವ ಕಡೆ. "ಮೈ ಮದರ್, ಹೂ ಲಿವ್ಸ್ ಇನ್ ಹಾಸನ್, ಈಸ್ ಎ ನರ್ಸ್." ಇಲ್ಲಿ "ದಟ್" ಬರುವುದಿಲ್ಲ. ಯಾವ ತಾಯಿ ಅಂತ ಗುರುತು ಹೇಳಬೇಕಿಲ್ಲ, ಹಾಸನದ ವಿಷಯ ಸುಮ್ನೆ ಜಾಸ್ತಿ ಮಾಹಿತಿ. ಹಾಗಿದ್ದಾಗ "ಹೂ" ಅಥವಾ "ವಿಚ್" ಬಳಸಬೇಕು. ಪರೀಕ್ಷೆಯಲ್ಲೂ ಮನುಷ್ಯರಿಗೆ "ಹೂ" ಬರೆದರೆ ಯಾರ ತಕರಾರೂ ಇರುವುದಿಲ್ಲ, ಮಗಳು ಹಾಗೇ ಬರೆಯಲಿ. ಆದರೆ "ದಟ್" ಬರೆದ ಮಗುವಿನ ಅಂಕ ಕಳೆಯುವುದು ಅನ್ಯಾಯ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಂಪು ಪೆನ್ನು ಓಡಬೇಕಾದ ಜಾಗ ಬೇರೆ ಇದೆ. "ದ ಸ್ಟೂಡೆಂಟ್ಸ್ ಹೂ ಸ್ಟಡಿ ವೆಲ್, ದೇ ವಿಲ್ ಪಾಸ್." ನಮ್ಮ ಮಕ್ಕಳು ಇದನ್ನು ಧಾರಾಳವಾಗಿ ಬರೆಯುತ್ತಾರೆ, ಎಷ್ಟೋ ಸಲ ಅದು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ. ಆ "ದೇ" ಬಂದದ್ದು ಕನ್ನಡದಿಂದ. "ಯಾರು ಚೆನ್ನಾಗಿ ಓದುತ್ತಾರೋ ಅವರು ಪಾಸಾಗುತ್ತಾರೆ" ಅನ್ನುವಾಗ "ಅವರು" ಬೇಕೇ ಬೇಕು ಅಲ್ವಾ? ಇಂಗ್ಲಿಷಿನಲ್ಲಿ "ಸ್ಟೂಡೆಂಟ್ಸ್" ಆಗಲೇ ಆ ಜಾಗದಲ್ಲಿ ಕೂತಿದೆ. ನಡುವಿನ "ಹೂ ಸ್ಟಡಿ ವೆಲ್" ತೆಗೆದು ಓದಿಸಿ: "ದ ಸ್ಟೂಡೆಂಟ್ಸ್ ದೇ ವಿಲ್ ಪಾಸ್". ಮಗುವಿಗೇ ಗೊತ್ತಾಗುತ್ತದೆ. ಇನ್ನೂ ಸುಲಭ ಬೇಕಿದ್ದರೆ ಇಂಗ್ಲಿಷಿಗೆ ಹೋಗುವ ಮುಂಚೆ ಕನ್ನಡದ ವಾಕ್ಯವನ್ನೇ ಬದಲಿಸಿಕೊಳ್ಳಲಿ. "ಚೆನ್ನಾಗಿ ಓದುವ ಮಕ್ಕಳು ಪಾಸಾಗುತ್ತಾರೆ" ಅಂತ ಯೋಚಿಸಿದರೆ ಅಲ್ಲಿ "ಅವರು" ಇಲ್ಲ, ಇಂಗ್ಲಿಷಿನಲ್ಲೂ "ದೇ" ನುಸುಳುವುದಿಲ್ಲ.