ಸೋಡಿಯಂಗೆ ಎಲೆಕ್ಟ್ರಾನ್ ಕೊಡುವ ಆಸೆ ನಿಜವಾಗಿಯೂ ಇದೆಯಾ?

ಪ್ರಶ್ನೆ: ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟು ಸ್ಥಿರವಾಗುತ್ತದೆ, ಕ್ಲೋರಿನ್ ಅದನ್ನು ಪಡೆದು ಸ್ಥಿರವಾಗುತ್ತದೆ ಎಂದು ಹತ್ತನೇ ತರಗತಿಯಲ್ಲಿ ಕಲಿತೆವು. ಪಿಯುಸಿಗೆ ಬಂದರೆ, ಸೋಡಿಯಂನಿಂದ ಎಲೆಕ್ಟ್ರಾನ್ ಕೀಳಲು ಶಕ್ತಿ ಕೊಡಬೇಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಶಕ್ತಿ ಕೊಡಬೇಕು ಎನ್ನುವುದೇ ಸರಿ. ಸೋಡಿಯಂ ತನ್ನ ಎಲೆಕ್ಟ್ರಾನನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ನ್ಯೂಕ್ಲಿಯಸ್ಸಿನ ಧನ ಆವೇಶ ಅದನ್ನು ಎಳೆದು ಹಿಡಿದಿರುತ್ತದೆ. ಬೇರೆ ಎಷ್ಟೋ ಧಾತುಗಳಿಗೆ ಹೋಲಿಸಿದರೆ ಆ ಹಿಡಿತ ಸಡಿಲ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಒಂದು ಮೋಲ್ (ಸುಮಾರು 23 ಗ್ರಾಂ) ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೌಲ್ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ತೆಗೆದುಕೊಂಡಾಗ ಹೊರಬರುವುದು 349 ಮಾತ್ರ. ಕೊಟ್ಟು ತೆಗೆದುಕೊಳ್ಳುವುದರಲ್ಲೇ 147 ಕಿಲೋಜೌಲ್ ನಷ್ಟ! ಸಾಲದ್ದಕ್ಕೆ, ಗಟ್ಟಿ ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿ ಮಾಡಲು 107, ಕ್ಲೋರಿನ್ ಅಣುಗಳ ಜೋಡಿ ಬಿಡಿಸಿ ಒಂದು ಮೋಲ್ ಬಿಡಿ ಪರಮಾಣು ಪಡೆಯಲು 121 ಬೇಕು. ಒಟ್ಟು ನಷ್ಟ 375. ಎರಡೂ ಕಡೆ ಹೊರಕವಚದಲ್ಲಿ ಎಂಟೆಂಟು ಎಲೆಕ್ಟ್ರಾನ್ ಭರ್ತಿಯಾದ ಮೇಲೂ ಇಷ್ಟು ನಷ್ಟ.

ಹಾಗಿದ್ದರೆ ಸೋಡಿಯಂ ಕ್ಲೋರಿನ್ ಅನಿಲದಲ್ಲಿ ಅಷ್ಟು ಜೋರಾಗಿ ಉರಿಯುವುದು ಯಾಕೆ?

ಯಾಕೆಂದರೆ ಕಥೆ ಎಲೆಕ್ಟ್ರಾನ್ ದಾಟಿದಲ್ಲಿಗೆ ಮುಗಿಯುವುದಿಲ್ಲ. ಧನ ಆವೇಶದ ಸೋಡಿಯಂ ಅಯಾನುಗಳು, ಋಣ ಆವೇಶದ ಕ್ಲೋರೈಡ್ ಅಯಾನುಗಳು ಒಂದನ್ನೊಂದು ಎಳೆದುಕೊಂಡು ಉಪ್ಪಿನ ಹರಳಾಗಿ ಕೂಡುತ್ತವೆ. ಆಗ ಹೊರಬರುವ ಶಕ್ತಿ ಸುಮಾರು 787 ಕಿಲೋಜೌಲ್. ಇದೇ ಜಾಲಕ ಶಕ್ತಿ. 375 ಕಳೆದರೂ 410ರಷ್ಟು ಉಳಿಯುತ್ತದೆ. ಉರಿಯಾಗಿ ಕಾಣುವುದು ಇದೇ. ಈ ಬಗೆಯ ಲೆಕ್ಕಕ್ಕೆ ಬಾರ್ನ್–ಹೇಬರ್ ಚಕ್ರ ಎಂದು ಹೆಸರು. ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ 1919ರಲ್ಲಿ ಇದನ್ನು ಕೊಟ್ಟರು.

ಎಲೆಕ್ಟ್ರಾನ್‌ಗಳಿಗೆ ಚುಕ್ಕಿ ಹಾಕಿ ಬಾಣ ಎಳೆಯುವ ಪಠ್ಯಪುಸ್ತಕದ ಚಿತ್ರ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲೇ. ಅದರಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್, ನಡುವೆ ಒಂದು ಬಾಣ. ಬಾಣವೇ ಬಂಧ ಅನ್ನಿಸಿಬಿಡುತ್ತದೆ, ಅಲ್ವಾ? ನಿಜವಾದ ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾವುದಕ್ಕೆ ಯಾವುದು ಎಲೆಕ್ಟ್ರಾನ್ ಕೊಟ್ಟಿತು ಎಂದು ಕೇಳಿದರೆ ಅರ್ಥವೇ ಇಲ್ಲ. ಎಲ್ಲ ದಿಕ್ಕಿನಿಂದಲೂ ಇರುವ ಆ ಸೆಳೆತವೇ ಅಯಾನಿಕ ಬಂಧ.

ಹಾಗಂತ, ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಇದ್ದರೆ ಸ್ಥಿರ ಎನ್ನುವ ಎಂಟರ ನಿಯಮ ಸುಳ್ಳೇನಲ್ಲ. ಅದು ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತದೆ. ಸೋಡಿಯಂನಿಂದ ಎರಡನೇ ಎಲೆಕ್ಟ್ರಾನ್ ಕೀಳಲು ಹೋದರೆ ತುಂಬಿದ ಒಳಕವಚಕ್ಕೇ ಕೈ ಹಾಕಬೇಕು. ಅದಕ್ಕೆ 4562 ಕಿಲೋಜೌಲ್! ಅಷ್ಟನ್ನು ಸೋಡಿಯಂನ ಯಾವ ಹರಳೂ ತುಂಬಿಕೊಡಲಾರದು.

ಮೆಗ್ನೀಸಿಯಂ ರಿಬ್ಬನ್ ಉರಿಯುವಾಗಿನ ಲೆಕ್ಕ ಇನ್ನೂ ಮಜವಾಗಿದೆ. ಮೆಗ್ನೀಸಿಯಂನ ಎರಡು ಎಲೆಕ್ಟ್ರಾನ್ ಕೀಳಲು 738 ಮತ್ತು 1451, ಅಂದರೆ ಹತ್ತಿರ ಹತ್ತಿರ 2200 ಕಿಲೋಜೌಲ್ ಬೇಕು. ಆಮ್ಲಜನಕ ಎರಡು ಎಲೆಕ್ಟ್ರಾನಿಗೆ ಕಾದು ಕೂತಿರುತ್ತದೆ ಎಂದು ನಾವು ಓದಿರುತ್ತೇವೆ. ಆದರೆ ಮೊದಲನೆಯದನ್ನು ಪಡೆದ ಆಮ್ಲಜನಕಕ್ಕೆ ಆಗಲೇ ಋಣ ಆವೇಶ ಬಂದಿರುತ್ತದೆ. ಅದು ಎರಡನೆಯದನ್ನು ದೂರ ತಳ್ಳುತ್ತದೆ. ಅಲ್ಲಿಯೂ ಶಕ್ತಿ ಸುರಿಯಬೇಕು. ಇಷ್ಟೆಲ್ಲ ಖರ್ಚನ್ನು ಜಾಲಕ ಶಕ್ತಿಯೊಂದೇ ತೀರಿಸುತ್ತದೆ: ಸುಮಾರು 3800 ಕಿಲೋಜೌಲ್. ಎರಡೆರಡು ಆವೇಶ ಇರುವುದರಿಂದ ಸೆಳೆತವೂ ಅಷ್ಟು ಜಾಸ್ತಿ. ಉಪ್ಪು 801 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ರಿಬ್ಬನ್ ಉರಿದ ಮೇಲೆ ಉಳಿಯುವ ಆ ಬಿಳಿ ಪುಡಿ (ಮೆಗ್ನೀಸಿಯಂ ಆಕ್ಸೈಡ್) ಕರಗಲು 2800 ಡಿಗ್ರಿಗಿಂತ ಹೆಚ್ಚು ಬೇಕು. ಉಕ್ಕಿನ ಕುಲುಮೆಗಳ ಒಳಗೋಡೆಯ ಇಟ್ಟಿಗೆಗೆ ಅದನ್ನು ಬಳಸುವುದು ಇದಕ್ಕೇ.