ಕಣ್ಣೊಳಗೆ ಸೆನ್ಸರ್ ಇಟ್ಟರೆ ಒತ್ತಡವನ್ನು ಹಗಲು-ರಾತ್ರಿ ಅಳೆಯಬಹುದೇ?

ಪ್ರಶ್ನೆ: ಗ್ಲಾಕೋಮಾಕ್ಕೆ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಗ್ಗುವ ರೋಗ) ದಿನಾ ಡ್ರಾಪ್ಸ್ ಹಾಕುತ್ತಿದ್ದೇನೆ. ಆಸ್ಪತ್ರೆಯಲ್ಲಿ ಅಳೆದಾಗಲೆಲ್ಲ ಕಣ್ಣಿನ ಒತ್ತಡ ಸರಿಯಾಗಿದೆ ಎನ್ನುತ್ತಾರೆ, ಆದರೂ ದೃಷ್ಟಿ ಕುಗ್ಗುತ್ತಿದೆ. ಕಣ್ಣೊಳಗೆ ಸೆನ್ಸರ್ ಇಡಿಸಿಕೊಂಡರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ, ಆದರೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಮಲಗಿದಾಗ ಏರುತ್ತದೆ. ಹಲವರಲ್ಲಿ ರಾತ್ರಿ ಅಥವಾ ನಸುಕಿನಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಆ ಹೊತ್ತಿಗೆ ಅಳೆಯುವವರು ಯಾರೂ ಇರುವುದಿಲ್ಲ.

ಈಗ ಮನುಷ್ಯರಲ್ಲಿ ಬಳಕೆಗೆ ಬಂದಿರುವ ಪ್ರಮುಖ ಸಾಧನ ಜರ್ಮನಿಯ ಐಮೇಟ್. ಅದರ ಒಂದು ಮಾದರಿ ಉಂಗುರದಂತಿದ್ದು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ವೇಳೆ ಪಾಪೆಯ ಹಿಂದೆ, ಕೃತಕ ಲೆನ್ಸಿನ ಮುಂದೆ ಕೂರಿಸುತ್ತಾರೆ. ಇನ್ನೊಂದು ಪುಟ್ಟ ಮಾದರಿಯನ್ನು ಗ್ಲಾಕೋಮಾ ಶಸ್ತ್ರಚಿಕಿತ್ಸೆ ಮಾಡುವಾಗ ಕಣ್ಣಿನ ಬಿಳಿ ಗೋಡೆಯ ಒಳಪದರದ ಬಳಿ ಸೇರಿಸುತ್ತಾರೆ. ಸಿಲಿಕೋನ್ ಹೊದಿಕೆಯೊಳಗೆ ಒತ್ತಡದ ಚಿಪ್ ಮತ್ತು ಚಿನ್ನದ ತಂತಿಸುರುಳಿ ಇರುತ್ತವೆ. ಬ್ಯಾಟರಿ ಇಲ್ಲ. ಕೈಯಲ್ಲಿ ಹಿಡಿಯುವ ರೀಡರ್ ಅನ್ನು ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರ ತಂದಾಗ ಅದರ ಕಾಂತಕ್ಷೇತ್ರದಿಂದ ಸುರುಳಿಗೆ ವಿದ್ಯುತ್ ಸಿಗುತ್ತದೆ, ಚಿಪ್ ಅಳತೆಯನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ರೀಡರ್ ಹಿಡಿದಾಗ ಮಾತ್ರ ಅಳತೆ. ನಿದ್ದೆಯಲ್ಲೂ ಅಳೆಯಬೇಕಾದರೆ ಕಣ್ಣಿನ ಸುತ್ತ ಆಂಟೆನಾ ಇರಲೇಬೇಕು.

ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆಯುವ ಉಪಕರಣ, ಟೋನೋಮೀಟರ್, ಹೊರಗಾಳಿಗಿಂತ ಕಣ್ಣೊಳಗೆ ಒತ್ತಡ ಎಷ್ಟು ಹೆಚ್ಚಿದೆ ಎಂದು ಹೇಳುತ್ತದೆ. ಒಳಗಿನ ಚಿಪ್‌ಗೆ ಸಿಗುವುದು ಒಟ್ಟು ಒತ್ತಡ: ಸಮುದ್ರಮಟ್ಟದಲ್ಲಿ ಗಾಳಿಯ 760ಕ್ಕೆ ಕಣ್ಣಿನ 15 ಸೇರಿ 775. ಅದಕ್ಕೇ ರೀಡರ್‌ನಲ್ಲಿ ವಾಯುಭಾರಮಾಪಕವೂ ಇದ್ದು, ಗಾಳಿಯ ಪಾಲನ್ನು ಕಳೆಯಬೇಕು. ಸುಮಾರು 11 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ 1 ಮಿ.ಮೀ. ಇಳಿಯುತ್ತದೆ. ಬೇರೆ ಜಾಗದಲ್ಲಿ ದಾಖಲಾದ ವಾಯುಭಾರವನ್ನು ಕಳೆದರೆ ಎತ್ತರದ ಕಟ್ಟಡದಲ್ಲಿರುವವರ ಅಳತೆ ಹಲವು ಮಿ.ಮೀ. ತಪ್ಪಬಹುದು, ಚಿಕಿತ್ಸೆಯೇ ಬದಲಾಗುವಷ್ಟು.

ಎರಡನೆಯ ತೊಡಕು ಸೆನ್ಸರ್‌ನ ಸೊನ್ನೆ ನಿಧಾನವಾಗಿ ಸರಿದುಹೋಗುವುದು. ಒತ್ತಡ ಬದಲಾಗದಿದ್ದರೂ ತಿಂಗಳು ಕಳೆದಂತೆ ಅಂಕಿ ಏರಬಹುದು ಅಥವಾ ಇಳಿಯಬಹುದು. ಒಳಗಿಟ್ಟ ಚಿಪ್ ಅನ್ನು ಹೊರತೆಗೆದು ಸರಿಪಡಿಸಲಾಗದು. ಪ್ರತಿ ಭೇಟಿಯಲ್ಲೂ ಟೋನೋಮೀಟರ್ ಅಳತೆಯೊಂದಿಗೆ ಹೋಲಿಸಿ ನೋಡುವುದೊಂದೇ ದಾರಿ. ಆ ಹೋಲಿಕೆಯೂ ಸುಲಭವಲ್ಲ, ಏಕೆಂದರೆ ಟೋನೋಮೀಟರ್ ಅಳತೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪವನ್ನು ಅವಲಂಬಿಸುತ್ತದೆ, ಒಳಗಿನ ಚಿಪ್ ಅವಲಂಬಿಸುವುದಿಲ್ಲ. ಎರಡರ ನಡುವೆ ಸ್ಥಿರವಾದ ಅಂತರವಿದ್ದರೆ ತೊಂದರೆಯಿಲ್ಲ. ಅಂತರ ಬೆಳೆಯುತ್ತಿದ್ದರೆ ಸೆನ್ಸರ್ ಮೇಲೆ ಸಂಶಯಪಡಬೇಕು.

ಉಂಗುರ ಇಟ್ಟ ಕೆಲವರಲ್ಲಿ ಆರಂಭದಲ್ಲಿ ಉರಿಯೂತ ಕಂಡಿದ್ದು, ಚಿಕಿತ್ಸೆಯಿಂದ ಶಮನವಾಗಿದೆ. ಪಾಪೆಯ ಆಕಾರ ಬದಲಾಗುವುದು, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ಬಣ್ಣದ ಕಣ ಉದುರುವುದೂ ವರದಿಯಾಗಿವೆ. ಸೆನ್ಸರ್ ಇರುವವರು ಎಂಆರ್‌ಐಗೆ ಮುನ್ನ ಅದನ್ನು ತಪ್ಪದೆ ತಿಳಿಸಬೇಕು.

ಆದ್ದರಿಂದ ಬರಿ ಸೆನ್ಸರ್‌ಗಾಗಿ ಕಣ್ಣು ಕತ್ತರಿಸುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ. ಪೊರೆಯ ಅಥವಾ ಗ್ಲಾಕೋಮಾದ ಶಸ್ತ್ರಚಿಕಿತ್ಸೆ ಹೇಗೂ ನಿಗದಿಯಾಗಿದ್ದರೆ ವೈದ್ಯರೊಂದಿಗೆ ಚರ್ಚಿಸಬಹುದು. ಇಲ್ಲದಿದ್ದರೆ ಪುಟ್ಟ ತುದಿ ಕಣ್ಣಿಗೆ ತಾಗಿ ಹಿಮ್ಮೆಟ್ಟುವುದನ್ನು ನೋಡಿ ಒತ್ತಡ ಹೇಳುವ, ಮನೆಯಲ್ಲಿ ತಾವೇ ಬಳಸುವ ರಿಬೌಂಡ್ ಟೋನೋಮೀಟರ್‌ನಿಂದ ಶುರುಮಾಡಿ. ಅದಕ್ಕೆ ಕಣ್ಣು ಮರಗಟ್ಟಿಸುವ ಹನಿ ಬೇಕಿಲ್ಲ. ಟ್ರಿಗರ್‌ಫಿಶ್ ಎಂಬ ಕಾಂಟ್ಯಾಕ್ಟ್ ಲೆನ್ಸ್ 24 ಗಂಟೆ ಕಾಲ, 5 ನಿಮಿಷಕ್ಕೊಮ್ಮೆ 30 ಸೆಕೆಂಡ್ ದಾಖಲಿಸುತ್ತದೆ, ಆದರೆ ಅದು ಕೊಡುವುದು ಏರಿಳಿತದ ಚಿತ್ರ, ಮಿ.ಮೀ. ಅಂಕಿಯಲ್ಲ.

ಯಾವ ಸಾಧನವಾದರೂ ಎದ್ದ ಕೂಡಲೇ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಅಳೆಯಿರಿ. ಕಣ್ಣುಜ್ಜಿದ ಕೂಡಲೇ ಬೇಡ. ಕೂತಿದ್ದಿರೋ ಮಲಗಿದ್ದಿರೋ, ಡ್ರಾಪ್ಸ್ ಹಾಕಿ ಎಷ್ಟು ಹೊತ್ತಾಯಿತು ಎಂಬುದನ್ನೂ ಬರೆದಿಡಿ. ಗ್ಲಾಕೋಮಾದ ಡ್ರಾಪ್ಸ್‌ಗಳಲ್ಲೊಂದಾದ ಟಿಮೊಲಾಲ್ ಹಗಲಿನಲ್ಲಿ ಒತ್ತಡ ಇಳಿಸಿದರೂ ರಾತ್ರಿ ಅದರ ಪರಿಣಾಮ ತೀರಾ ಕಡಿಮೆ. ನಿಮ್ಮ ದಾಖಲೆಯಲ್ಲಿ ನಸುಕಿನ ಅಂಕಿಗಳಷ್ಟೇ ಏರಿದ್ದರೆ ವೈದ್ಯರು ಮೊದಲು ಔಷಧಿ ಬದಲಿಸುವ ಯೋಚನೆ ಮಾಡಬಹುದು. ಎಲ್ಲ ಹೊತ್ತಿನಲ್ಲೂ ಒತ್ತಡ ಕಡಿಮೆಯಿದ್ದೂ ದೃಷ್ಟಿ ಕುಗ್ಗುತ್ತಿದ್ದರೆ, ಒತ್ತಡದ ಗುರಿಯನ್ನು ಇನ್ನಷ್ಟು ಇಳಿಸಬೇಕೇ, ಬೇರೆ ಕಾರಣವಿದೆಯೇ ಎಂದು ಹುಡುಕಬೇಕಾಗುತ್ತದೆ. ಅದಕ್ಕೆ ದೃಷ್ಟಿಕ್ಷೇತ್ರದ ಪರೀಕ್ಷೆ ಮತ್ತು ಕಣ್ಣಿನ ನರದ ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಬೇಕು.